ಹದಿನಾರು ಅಕ್ಷರದ ಸರ್‌ನೇಮು

ಸಿಡ್ನಿಯ ಮಾರ್ಸ್‌ಡನ್ ಪಾರ್ಕಿನ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಒಂದು ಭಾರಿ ಗಾತ್ರದ ಬಿಳಿ ಮಗ್ಗಿದೆ. ನಮ್ಮ ಲೋಟದ ಲೆಕ್ಕದಲ್ಲಿ ಅದರಲ್ಲಿ ನಾಲ್ಕು ಜನರ ಕಾಫಿ ಹಿಡಿಯುತ್ತದೆ. ಹಾಗಾಗಿ ಅದರಲ್ಲಿ ಕಾಫಿ ಕುಡಿಯುವ ಧೈರ್ಯ ಮಾಡದೆ ಸೌಟು, ಜಾಲರಿ, ಚಪಾತಿ ಮಗುಚುವ ಕೈ ಎಲ್ಲ ಅದರೊಳಗೆ ಇಟ್ಟಿದ್ದೇನೆ. ಮಗ್ಗಿನ ಮೇಲೆ ಒಂದು ಗುರಾಣಿ, ಗುರಾಣಿಯ ಮೇಲೆ ಒಂದು ಸಿಂಹ, ಕೆಳಗೆ ದಪ್ಪಕ್ಷರದಲ್ಲಿ ‘ಪಿಂಡರ್’ ಅಂತಿದೆ. ಹಿಂದುಗಡೆ ಇರುವೆ ಸಾಲಿನ ಅಕ್ಷರಗಳಲ್ಲಿ ಆ ಸರ್‌ನೇಮಿನ ಚರಿತ್ರೆ. ಇಲ್ಲಿನ ಮಾಲ್‌ಗಳಲ್ಲಿ ಇಂಥದ್ದನ್ನು ಮಾರುವ ಅಂಗಡಿಗಳಿವೆ ನೋಡಿ. ನಿಮ್ಮ ಸರ್‌ನೇಮ್ ಹೇಳಿದರೆ ಕಂಪ್ಯೂಟರಿನಲ್ಲಿ ಒತ್ತಿ ನಿಮಗೂ ಒಂದು ಸಿಂಹವನ್ನೋ ಹದ್ದನ್ನೋ ಕೊಡುತ್ತಾರೆ. ನಾನೂ ಒಮ್ಮೆ ಚಪಲಕ್ಕೆ ನನ್ನದನ್ನು ಹೇಳಿದೆ. ಅಂಗಡಿಯ ಹುಡುಗಿ ಅರ್ಧ ಒತ್ತಿ ಸುಸ್ತಾಗಿ, “ವೆನೆಬಲ್ಸ್ ಇರಬಹುದಾ?” ಅಂದಳು. ಇರಲಾರದು ಅಂತ ಹೇಳಿ ಬಂದೆ.

ಮಗ್ಗು ಕೊಟ್ಟವರು ನಮ್ಮ ಬೀಗರು. ಮಗಳು ಮೇಧಾ ಮೆಲ್ಬರ್ನಿನ ಕ್ಲೇಟನ್ನಿನಲ್ಲಿ ಆಸ್ಪತ್ರೆಯ ಕೆಲಸದಲ್ಲಿದ್ದಾಳೆ. ಅಲ್ಲೇ ಬೆನ್ ಎನ್ನುವ ಹುಡುಗನನ್ನು ಮೆಚ್ಚಿ ಮದುವೆಯಾದಳು. ಬೆನ್‌ನ ಅಪ್ಪನೇ ಈ ಬೀಗರು, ಹೆಸರು ರಾಯ್ ಪಿಂಡರ್. ಭೂಮಿ ಅಳೆಯುವ ಕೆಲಸ ಮಾಡಿ ನಿವೃತ್ತರಾದವರು, ಈಗ ವಂಶ ಅಳೆಯುತ್ತಾರೆ. ಇಲ್ಲಿ ಎಂಥ ದೊಡ್ಡವರನ್ನೂ ಹೆಸರು ಹಿಡಿದೇ ಕರೆಯಬೇಕು. ನನ್ನ ಬಾಯಿಗೆ ಅದು ಬಾರದು. ಪುಣ್ಯಕ್ಕೆ ಈ ಹೆಸರು ಸಿಕ್ಕಿತು. ‘ರಾಯರೇ’ ಅಂತ ಕರೆಯುತ್ತೇನೆ. ಅದು ನನ್ನ ಮರ್ಯಾದೆ ಅಂತ ಅವರಿಗೆ ತಿಳಿಯದು, ಉಚ್ಚಾರಣೆಯ ದೋಷ ಅಂತ ಕ್ಷಮಿಸಿಬಿಟ್ಟಿದ್ದಾರೆ.

ಮದುವೆ ಗೊತ್ತಾದಾಗ ಮೈಸೂರಿನಿಂದ ಚಿಕ್ಕಮ್ಮ ಫೋನು ಮಾಡಿದ್ದರು.

“ಹುಡುಗನ ಮನೆತನದ ಹೆಸರೇನೇ ಸರೋಜ?”

“ಪಿಂಡರ್ ಅಂತ, ಚಿಕ್ಕಮ್ಮ.”

“ಥೂ, ಬಿಡ್ತು ಅನ್ನು! ಮದುವೆ ಮನೇಲಿ ಎಂಥಾ ಮಾತಾಡ್ತೀಯೇ!”

ತಿಥಿಯ ದಿನ ಬಿಟ್ಟರೆ ನಮ್ಮ ಮನೆಗಳಲ್ಲಿ ಪಿಂಡದ ಮಾತು ಬರುವುದು ಜಗಳದಲ್ಲಿ ಮಾತ್ರ. ನಮ್ಮೆಜಮಾನರಂತೂ ಒಂದು ವಾರ ಆ ಹೆಸರನ್ನು ಮೆಲುಕು ಹಾಕಿಕೊಂಡು ನಕ್ಕರು. ಮೇಧಾ ಹೆಸರು ಬದಲಾಯಿಸುವುದಿಲ್ಲ, ಪೇಪರ್‌ವರ್ಕ್ ಜಾಸ್ತಿ ಅಂದಾಗ ಮೈಸೂರಿನವರೆಲ್ಲ ಅದನ್ನು ದೇವರ ಕೃಪೆ ಎಂದೇ ತಿಳಿದರು.

ಆ ಹೆಸರಿನ ಅರ್ಥವನ್ನು ರಾಯರು ನಮಗೆ ಹೇಳಿದ್ದು ಮದುವೆಯ ಮಾತುಕತೆಯ ದಿನ, ಕ್ಲೇಟನ್ನಿನಲ್ಲಿ, ಪುಳಿಯೋಗರೆ ತಿನ್ನುತ್ತಾ. ಎಷ್ಟೋ ನೂರು ವರ್ಷದ ಹಿಂದೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಒಬ್ಬ ಅಧಿಕಾರಿ ಇರುತ್ತಿದ್ದನಂತೆ. ಹಗ್ಗ ಬಿಚ್ಚಿಕೊಂಡು ಯಾರದೋ ಹೊಲ ಮೇಯುವ ದನ, ಕುರಿ, ಹಂದಿಗಳನ್ನು ಹಿಡಿದು ಊರಿನ ಕಲ್ಲಿನ ಆವರಣದೊಳಗೆ ಕೂಡುವುದು ಅವನ ಕೆಲಸ. ಒಡೆಯ ಬಂದು ದಂಡ ಕಟ್ಟಿ ಬಿಡಿಸಿಕೊಂಡು ಹೋಗಬೇಕು. ಕೂಡುವುದಕ್ಕೆ ಅವರ ಹಳೆಯ ಭಾಷೆಯಲ್ಲಿ ‘ಪಿಂಡ್’ ಅಂತ ಬರುವ ಒಂದು ಮಾತಿತ್ತಂತೆ. ಆ ಕೆಲಸದವನು ಪಿಂಡರ್. ಅವನ ಮಗ, ಮೊಮ್ಮಗ ದನ ಕೂಡಲಿ ಬಿಡಲಿ, ಎಲ್ಲರೂ ಪಿಂಡರ್.

ರಾಯರು ಇದನ್ನು ಬಹಳ ಗಂಭೀರವಾಗಿ ಹೇಳಿದರು. ನಾನು ಯಜಮಾನರ ಕಡೆ ತಿರುಗಿ, “ದೊಡ್ಡಿ ಕಾಯೋರಂತೆ ಕಣ್ರೀ,” ಅಂದೆ. ಯಜಮಾನರಿಗೆ ಪುಳಿಯೋಗರೆ ನೆತ್ತಿಗೆ ಹತ್ತಿತು.

ನನಗೆ ನಗು ಬರುವುದಕ್ಕೆ ಕಾರಣವಿದೆ. ನಾನು ಹುಟ್ಟಿದ್ದು ಮೈಸೂರು ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ. ಅಲ್ಲಿ ದನದ ದೊಡ್ಡಿ ಇತ್ತು, ಅದನ್ನು ಕಾಯಲು ಸಿದ್ದಪ್ಪ ಅನ್ನುವವನು ಇದ್ದ, ಅವನ ಕಿವಿಯ ಮೇಲೆ ಸದಾ ಅರ್ಧ ಬೀಡಿ ಇತ್ತು. ನಮ್ಮ ಮನೆಯಲ್ಲಿ ಗೌರಿ ಅನ್ನುವ ಹಸು ಇತ್ತು. ಹೆಸರಿಗೆ ಗೌರಿ, ಬುದ್ಧಿ ಮಾತ್ರ ಪುಂಡುಪೋಕರಿಯದು. ಮನೆಯಲ್ಲಿ ಹುರುಳಿ ಬೇಯಿಸಿ ಹಾಕಿದರೆ ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು, ಪಂಚಾಯ್ತಿ ಛೇರ್ಮನ್ನರ ತೋಟದ ಬದನೆ ಗಿಡ ಮಾತ್ರ ಅದಕ್ಕೆ ಅಮೃತ. ತಿಂಗಳಿಗೆ ಒಂದು ಸಲವಾದರೂ ಸಿದ್ದಪ್ಪ ಅದನ್ನು ಎಳೆದುಕೊಂಡು ಹೋಗಿ ಕೂಡುತ್ತಿದ್ದ. ಬಿಡಿಸಿಕೊಂಡು ಬರುವವಳು ಅಮ್ಮ, ಅಮ್ಮನ ಸೆರಗು ಹಿಡಿದು ನಾನು. ನಾನು ಸುಮ್ಮನೆ ಹೋಗುತ್ತಿದ್ದೆ ಅಂದುಕೊಳ್ಳಬೇಡಿ. ಅಲ್ಲಿ ನನಗೂ ಒಂದು ಉದ್ಯೋಗವಿತ್ತು.

“ಯಜಮಾನ್ರ ಹೆಸರು ಹೇಳವ್ವ, ಬುಕ್ಕಲ್ಲಿ ಬರ್ಕೋಬೇಕು,” ಅನ್ನುತ್ತಿದ್ದ ಸಿದ್ದಪ್ಪ. ಅಮ್ಮ ನನ್ನ ಭುಜಕ್ಕೆ ತಿವಿಯುತ್ತಿದ್ದಳು. ನಾನು ಪದ್ಯ ಒಪ್ಪಿಸುವ ಹಾಗೆ “ಶ್ರೀನಿವಾಸಯ್ಯ” ಅನ್ನುತ್ತಿದ್ದೆ.

ಅಮ್ಮ ಗಂಡನ ಹೆಸರನ್ನು ಹೇಳುತ್ತಿರಲಿಲ್ಲ. ಅವಳ ಕಾಲದ ಎಷ್ಟೋ ಹೆಂಗಸರು ಹೇಳುತ್ತಿರಲಿಲ್ಲ, ಅದೇನು ಹೊಸದಲ್ಲ. ಆದರೆ ಉಳಿದವರು ಮದುವೆ ಮುಂಜಿಯಲ್ಲಿ ಯಾರಾದರೂ ಬಲವಂತ ಮಾಡಿದರೆ ಒಗಟಿನೊಳಗೆ ಸೇರಿಸಿಯಾದರೂ ಹೇಳುತ್ತಿದ್ದರು. ಅಮ್ಮ ಜಪ್ಪಯ್ಯ ಅಂದರೂ ಹೇಳುತ್ತಿರಲಿಲ್ಲ. ಸಿದ್ದಪ್ಪ ಒಂದು ದಿನ ರೇಗಿಸಿದ.

“ನೀವೇ ಯೋಳಬಾರ್ದಾ ತಾಯಿ? ಊರಿಗೆಲ್ಲ ಗೊತ್ತಿರೋ ಹೆಸರೇ ಅಲ್ವಾ?”

“ಊರಿಗೆಲ್ಲ ಗೊತ್ತಿದ್ದ ಮೇಲೆ ನನ್ನನ್ಯಾಕಯ್ಯಾ ಕೇಳ್ತೀಯ? ಬರ್ಕೋ!” ಅಂದಳು ಅಮ್ಮ, ಹಸುವಿನ ಹಗ್ಗ ಬಿಚ್ಚುತ್ತಾ. ಸಿದ್ದಪ್ಪ ತಲೆ ಕೆರೆದುಕೊಂಡು ಬರೆದುಕೊಂಡ.

ಹೀಗೆ ನಾನು ಅಮ್ಮನ ಬಾಯಿಯಾಗಿ ರೇಷನ್ ಅಂಗಡಿಗೆ, ಆಸ್ಪತ್ರೆಗೆ, ದೊಡ್ಡಿಗೆ ಹೋಗುತ್ತಿದ್ದೆ. ಈ ಏರ್ಪಾಡು ಶುರುವಾದದ್ದು ಒಂದು ಅನಾಹುತದ ನಂತರ. ಆ ಅನಾಹುತವೇ ನನ್ನ ಸರ್‌ನೇಮು. ಅದರ ಚರಿತ್ರೆಯನ್ನು ಯಾವ ಮಗ್ಗಿನ ಅಂಗಡಿಯವರೂ ಅಚ್ಚು ಹಾಕುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ.

ನನ್ನನ್ನು ಶಾಲೆಗೆ ಸೇರಿಸಿದ ದಿನ ಅಪ್ಪ ಊರಿನಲ್ಲಿರಲಿಲ್ಲ. ಹೆಡ್‌ಮೇಷ್ಟ್ರು ಹೊಸದಾಗಿ ವರ್ಗವಾಗಿ ಬಂದವರು, ಊರಿನಲ್ಲಿ ಯಾರ ಪರಿಚಯವೂ ಇಲ್ಲ. ರಿಜಿಸ್ಟರು ಬಿಡಿಸಿಕೊಂಡು, “ತಂದೆ ಹೆಸರೇನಮ್ಮ?” ಅಂದರು. ಅಮ್ಮ ನನ್ನ ಮುಖ ನೋಡಿದಳು. ಮೇಷ್ಟ್ರು, “ನೀನಾದ್ರೂ ಹೇಳು ಮರಿ,” ಅಂದರು. ನನಗೆ ಶಾಲೆ ಬೇಡವಾಗಿತ್ತು. ಬೆಳಗಿನಿಂದ ಅತ್ತು ಸಾಕಾಗಿ, ಇನ್ನು ಬಾಯಿಯೇ ಬಿಡುವುದಿಲ್ಲ ಅಂತ ಶಪಥ ಮಾಡಿ ಬಂದಿದ್ದೆ. ಅಮ್ಮ ತೊಡೆ ಚಿವುಟಿದಳು. ನಾನು ತುಟಿ ಪಿಟಕ್ಕೆನ್ನಲಿಲ್ಲ.

“ಹೇಳದಿದ್ರೆ ಹ್ಯಾಗಮ್ಮ ಸೇರಿಸ್ಕೊಳ್ಳೋದು?”

“ಅದೇ ಸಾರ್, ಏಳು ಬೆಟ್ಟದ ಮೇಲೆ ನಿಂತಿದಾನಲ್ಲ, ಅವನದ್ದೇ,” ಅಂದಳು ಅಮ್ಮ.

“ಓ, ಗೊತ್ತಾಯ್ತು ಗೊತ್ತಾಯ್ತು,” ಅಂದು ಮೇಷ್ಟ್ರು ಬರೆದುಕೊಂಡರು. ಅಮ್ಮನಿಗೆ ಕನ್ನಡ ಓದಲು ಚೆನ್ನಾಗಿ ಬರುತ್ತಿತ್ತು. ಆದರೆ ಆ ಮೇಷ್ಟ್ರ ಅಕ್ಷರ ಮೇಷ್ಟ್ರಿಗೇ ಓದಲು ಬರುತ್ತಿರಲಿಲ್ಲ. ತಿರುಪತಿಯ ದೇವರಿಗೆ ಎಷ್ಟು ಹೆಸರು! ಅವರು ಬರೆದುಕೊಂಡದ್ದು ವೆಂಕಟರಮಣಯ್ಯ.

ಗೊತ್ತಾದದ್ದು ಮೊದಲ ಪ್ರೋಗ್ರೆಸ್ ಕಾರ್ಡು ಬಂದಾಗ. ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಲೇ, ಯಾರೇ ಇವನು ವೆಂಕಟರಮಣಯ್ಯ?” ಅಂದರು. ಅಮ್ಮ ಒಳಗಿನಿಂದಲೇ, “ಇಬ್ಬರೂ ಒಂದೇ ದೇವರು ತಾನೆ? ರುಜು ಹಾಕಿ ಕಳಿಸಿ,” ಅಂದಳು. ಅಪ್ಪ ಶಾಲೆಗೆ ಹೋಗಿ ಕೇಳಿದರು. ಶಾಯಿಯಲ್ಲಿ ಬರೆದ ರಿಜಿಸ್ಟರನ್ನು ಗೀಚುವ ಹಾಗಿಲ್ಲ ಅಂತ ಮೇಷ್ಟ್ರು ಕಡ್ಡಿ ಮುರಿದಂತೆ ಹೇಳಿದರು. ಅಪ್ಪನೂ ಬೆನ್ನು ಹತ್ತಲಿಲ್ಲ. ಅವರಿಗೆ ಅದೊಂದು ತಮಾಷೆಯಾಯಿತು. ಕೋಪ ಬಂದಾಗಲೆಲ್ಲ, “ನಾನು ಯಾರು ಈ ಮನೇಲಿ? ಆ ವೆಂಕಟರಮಣಯ್ಯ ಬರಲಿ, ಅವನಿಗೇ ಬಡಿಸು,” ಅನ್ನುತ್ತಿದ್ದರು. ನನ್ನ ತಮ್ಮನನ್ನು ಶಾಲೆಗೆ ಸೇರಿಸುವಾಗ ತಾವೇ ಹೋಗಿ, ಬರೆಯುವವರ ಪಕ್ಕ ನಿಂತು, ಶ್ರೀನಿವಾಸಯ್ಯ ಅಂತ ಬರೆಸಿ ಬಂದರು. ಹೀಗೆ ಒಂದೇ ಅಪ್ಪ ಅಮ್ಮನ ಮಕ್ಕಳಾದ ನಾವು, ಅವನು ಎಸ್, ನಾನು ವಿ.

ಊರಿನಲ್ಲಿ ಇರುವತನಕ ಇನಿಷಿಯಲ್ಲು ಅನ್ನುವುದು ಹೆಸರಿನ ಮುಂದಿನ ಒಂದು ಚುಕ್ಕೆ ಅಷ್ಟೇ, ಯಾರೂ ಬಿಡಿಸಿ ನೋಡುವುದಿಲ್ಲ. ಪಾಸ್‌ಪೋರ್ಟು ಮಾಡಿಸುವಾಗ ಮೈಸೂರಿನ ಏಜೆಂಟ್ ಒಬ್ಬ, “ಸರ್‌ನೇಮ್ ಕಾಲಂ ಖಾಲಿ ಬಿಟ್ರೆ ವೀಸಾಗೆ ತಾಪತ್ರಯ ಮೇಡಂ,” ಅಂತ ಹೆದರಿಸಿ ವಿ ಅನ್ನು ಬಿಡಿಸಿ ಹಾಕಿದ. ಇಂಗ್ಲಿಷಿನಲ್ಲಿ ಹದಿನಾರು ಅಕ್ಷರ. ಸಿಡ್ನಿಗೆ ಬಂದು ಇಳಿದ ದಿನದಿಂದ ನಾನು ಮಿಸೆಸ್ ವೆಂಕಟರಮಣಯ್ಯ. ಇಲ್ಲದ ಮನುಷ್ಯನ ಹೆಂಡತಿಯೋ ಮಗಳೋ ನನಗೇ ತಿಳಿಯದು. ಕ್ಲಿನಿಕ್ಕಿನಲ್ಲಿ ನರ್ಸಮ್ಮ ಬಾಗಿಲಿಗೆ ಬಂದು ಚೀಟಿ ನೋಡಿ, “ವೆಂ...” ಅಂತ ಒಂದು ಉಸಿರು ಎಳೆದುಕೊಂಡರೆ ಸಾಕು, ನಾನು ಎದ್ದು ನಿಲ್ಲುತ್ತೇನೆ. ಪಾಪ, ಅವರನ್ನೇಕೆ ಗೋಳು ಹುಯ್ದುಕೊಳ್ಳಬೇಕು. ನಾರ್ತ್ ಸಿಡ್ನಿಯ ನನ್ನ ಆಫೀಸಿನಲ್ಲಿ ನಾನಿರುವುದು ರೆಕಾರ್ಡ್ಸ್ ವಿಭಾಗದಲ್ಲಿ. ಊರವರ ಹೆಸರಿನ ಕಾಗುಣಿತವನ್ನೆಲ್ಲ ತಿದ್ದುವ ಕೆಲಸ ನನ್ನದು. ಅಲ್ಲಿ ಯಾರಾದರೂ, “ನಿನ್ನ ಸರ್‌ನೇಮಿನ ಅರ್ಥವೇನು?” ಅಂದರೆ, “ಅದು ನಮ್ಮ ತಂದೆಯ ಹೆಸರು,” ಅಂದುಬಿಡುತ್ತಿದ್ದೆ. ಮೇಧಾ ಚಿಕ್ಕವಳಿದ್ದಾಗ ಕೇಳಿದ್ದಕ್ಕೆ, “ತಾತನಿಗೆ ಎರಡು ಹೆಸರಿತ್ತು,” ಅಂದಿದ್ದೆ. ಸುಳ್ಳು ಯಾಕೆ ಹೇಳಿದೆ ಅಂದರೆ, ನಾಚಿಕೆ ಸ್ವಾಮಿ, ಬೇರೇನಿಲ್ಲ. ನಮ್ಮಮ್ಮ ಗಂಡನ ಹೆಸರು ಹೇಳದ ಹೆಂಗಸು ಅಂತ ಈ ಜನರ ಮುಂದೆ ಹೇಳಿಕೊಂಡರೆ ಅಯ್ಯೋ ಪಾಪ ಅನ್ನುತ್ತಾರೆ, ಆ ಪಾಪ ನನಗೆ ಬೇಡವಾಗಿತ್ತು.

ಹಾಗೆ ನೋಡಿದರೆ ಇವರ ಹೆಸರುಗಳದ್ದೂ ಇದೇ ಕಥೆ. ರಾಯರ ಜೊತೆ ಬೀಗತನ ಬೆಳೆದ ಮೇಲೆ ನನಗೂ ಸ್ವಲ್ಪ ಹುಚ್ಚು ಹತ್ತಿತ್ತು. ಕ್ಲೇಟನ್ ಅಂದರೆ ಜೇಡಿಮಣ್ಣಿನ ಊರು. ಆ ಊರಿನಿಂದ ಬಂದವನಿಗೆ ಕ್ಲೇಟನ್ ಅಂತ ಸರ್‌ನೇಮಾಯಿತು. ಮಾರ್ಸ್‌ಡನ್ ಅಂದರೆ ಗಡಿಯ ಕಣಿವೆ, ಅದೂ ಮೊದಲು ಊರು, ಆಮೇಲೆ ಮನುಷ್ಯ, ಈಗ ಮತ್ತೆ ನಮ್ಮ ಸಬರ್ಬು. ನಮ್ಮಲ್ಲೂ ಇನಿಷಿಯಲ್ಲಿನಲ್ಲಿ ಊರನ್ನು ಕಟ್ಟಿಕೊಂಡು ತಿರುಗುತ್ತೇವಲ್ಲ. ಇನ್ನು ಪಿಂಡರ್ ಮನೆತನದವರನ್ನು ಚರ್ಚಿನ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರೆದುಕೊಂಡು ಒಂದು ತಲೆಮಾರಿನಲ್ಲಿ ಪಿಂಡಾರ್, ಇನ್ನೊಂದರಲ್ಲಿ ಪೆಂಡರ್ ಮಾಡಿದ್ದಾರಂತೆ. ಹೀಗೆ ಬೇರೆ ಬೇರೆಯಾಗಿ ಹೋದ ಕವಲುಗಳನ್ನು ರಾಯರು ಹುಡುಕಿ ಹುಡುಕಿ ಕೂಡುತ್ತಾರೆ. ಕೂಡುವುದು ಅವರ ರಕ್ತದಲ್ಲೇ ಇದೆ.

ಮೊಮ್ಮಗಳು ಇಳಾ ಹುಟ್ಟಿದ ಮೇಲೆ ಅವರು ಒಂದು ಪುಸ್ತಕಕ್ಕೆ ಕೈ ಹಾಕಿದರು. ಮಧ್ಯದಲ್ಲಿ ಇಳಾ, ಎಡಕ್ಕೆ ಪಿಂಡರ್ ವಂಶ, ಬಲಕ್ಕೆ ನಮ್ಮದು. ಅಚ್ಚು ಹಾಕಿಸಿ ಎರಡೂ ಕಡೆಯ ನೆಂಟರಿಗೆಲ್ಲ ಹಂಚುವ ಉದ್ದೇಶ. ನಮ್ಮ ಕಡೆಯ ವಿವರವನ್ನು ಮೈಸೂರಿನ ನನ್ನ ತಮ್ಮ ವಾಟ್ಸಾಪಿನಲ್ಲಿ ಕಳಿಸಿದ್ದ. ಹೋದ ತಿಂಗಳು ರಾಯರು ಕರಡು ಪ್ರತಿಯನ್ನು ಅಂಚೆಯಲ್ಲಿ ಕಳಿಸಿದರು. ಸೋಮವಾರ ಅಚ್ಚಿಗೆ ಹೋಗುತ್ತದೆ, ಒಮ್ಮೆ ನೋಡಿಬಿಡಿ ಅಂತ ಮೇಲೊಂದು ಚೀಟಿ.

ಗುರುವಾರ ಸಾಯಂಕಾಲ ಕನ್ನಡಕ ಹಾಕಿಕೊಂಡು ಕೂತೆ. ಅಪ್ಪನ ಹೆಸರು, ಅಲ್ಲಿಂದ ತಮ್ಮನಿಗೆ ಒಂದು ನೇರ ಗೆರೆ. ಅಪ್ಪನಿಂದ ನನಗೆ ಮಾತ್ರ ಚುಕ್ಕಿ ಚುಕ್ಕಿ ಚುಕ್ಕಿ. ಪಕ್ಕದಲ್ಲಿ ಒಂದು ಪುಟ್ಟ ಪ್ರಶ್ನೆಯ ಚಿಹ್ನೆ. ಅಚ್ಚಿನ ತಪ್ಪಿರಬೇಕು ಅಂದುಕೊಂಡು ಚೀಟಿಯ ಹಿಂದುಗಡೆ ತಿರುಗಿಸಿದೆ. ರಾಯರು ಅಲ್ಲಿ ಬಹಳ ಮೃದುವಾಗಿ ಬರೆದಿದ್ದರು: ಸರೋಜಾ ಅವರ ಸರ್‌ನೇಮ್ ಅವರ ತಂದೆಯ, ತಮ್ಮನ ಹೆಸರಿನೊಂದಿಗೆ ಹೊಂದುತ್ತಿಲ್ಲ. ದತ್ತು ಇರಬಹುದು, ಅಥವಾ ಬೇರೆ ಯಾವ ಸಂದರ್ಭವೇ ಇರಬಹುದು. ನಮ್ಮ ಮನೆತನದಲ್ಲೂ ಅಂಥ ಒಂದೆರಡು ಚುಕ್ಕಿಯ ಗೆರೆಗಳಿವೆ, ಇದರಿಂದ ಯಾರೂ ಯಾರನ್ನೂ ಕೀಳಾಗಿ ಕಾಣುವುದಿಲ್ಲ.

ಪಿತ್ತ ನೆತ್ತಿಗೇರಿತು. ಬೈದಿದ್ದರೆ ಬೈಯಬಹುದಿತ್ತು. ಈ ಒಳ್ಳೆಯತನಕ್ಕೆ ಏನು ಮಾಡುವುದು? ನಮ್ಮಮ್ಮನ ಶೀಲಕ್ಕೆ ಚುಕ್ಕಿ ಇಟ್ಟು, ಅದನ್ನು ಕ್ಷಮಿಸಿಯೂ ಆಗಿತ್ತು. ಹೋಗಿ ಹತ್ತು ವರ್ಷವಾದ ನನ್ನ ಅಮ್ಮ! ಯಜಮಾನರು ಚೀಟಿ ಓದಿ, “ಅಲ್ವೇ, ಒಂದು ಮೆಸೇಜ್ ಹಾಕಿದ್ರೆ ತೆಗೀತಾರೆ. ಇದಕ್ಯಾಕೆ ಇಷ್ಟು?” ಅಂದರು.

“ನಿಮ್ಮಮ್ಮನ ಮೇಲೆ ಹೀಗೆ ಬರೆದಿದ್ರೆ ಮೆಸೇಜ್ ಹಾಕ್ತಿದ್ರಾ?” ಅಂದೆ.

ಅವರು ತೆಪ್ಪಗೆ ಲ್ಯಾಪ್‌ಟಾಪು ತೆಗೆದು ನನ್ನೊಬ್ಬಳಿಗೆ ಶನಿವಾರದ ಮೆಲ್ಬರ್ನ್ ಫ್ಲೈಟು ಬುಕ್ ಮಾಡಿದರು.

ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಬೈಗುಳ ಹೊಂದಿಸಿಕೊಂಡು ಹೋದೆ. ನನ್ನ ಇಂಗ್ಲಿಷ್ ಆಫೀಸಿಗೆ ಸಾಕು, ಜಗಳಕ್ಕೆ ಸಾಲದು. ಕ್ಲೇಟನ್ನಿಗೆ ಹೋಗಿ ನೋಡಿದರೆ ಮೇಧಾಳ ಡೈನಿಂಗ್ ಟೇಬಲ್ಲಿನ ಮೇಲೆ ರಾಯರು ಲ್ಯಾಪ್‌ಟಾಪು, ಮೂರು ಫೈಲು ಹರಡಿಕೊಂಡು, ತೊಡೆಯ ಮೇಲೆ ಇಳಾಳನ್ನು ಕೂರಿಸಿಕೊಂಡಿದ್ದರು. ನನ್ನನ್ನು ನೋಡಿ ಎದ್ದು ನಿಂತು, ಮಗುವನ್ನು ನನ್ನ ಕೈಗೆ ಕೊಟ್ಟು, ಟೀ ಮಾಡಲು ಹೊರಟರು. ಕೈಯಲ್ಲಿ ಕೂಸು ಇಟ್ಟುಕೊಂಡು ಕೂಗಾಡುವುದು ಹೇಗೆ ಹೇಳಿ?

“ಟೀ ಆಮೇಲೆ ರಾಯರೇ. ಮೊದಲು ಆ ಚುಕ್ಕಿ ತೆಗೀರಿ,” ಅಂದೆ.

“ಸರೋಜಾ, ಅದು ಬರೀ ಒಂದು ನಿಯಮ. ದಾಖಲೆ ಹೊಂದದಿದ್ದರೆ ಚುಕ್ಕಿ ಹಾಕ್ತೀವಿ.”

“ದಾಖಲೆ ಯಾಕೆ ಹೊಂದಲ್ಲ ಅಂತ ನಾನು ಹೇಳ್ತೀನಿ. ಕೂತ್ಕೊಳ್ಳಿ.”

ಕೂತರು. ಹೇಳಿದೆ. ಮೇಷ್ಟ್ರು, ರಿಜಿಸ್ಟರು, ಏಳು ಬೆಟ್ಟ, ನನ್ನ ಮುಚ್ಚಿದ ಬಾಯಿ, ಒಂದನ್ನೂ ಬಿಡಲಿಲ್ಲ. ಹೇಳುತ್ತಾ ಹೇಳುತ್ತಾ, ಇಷ್ಟು ವರ್ಷದಲ್ಲಿ ಇದನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ ಅಂತ ಗೊತ್ತಾಯಿತು. ಮೇಧಾ ಅಡುಗೆಮನೆಯಿಂದ ಬಂದು ಬಾಗಿಲಲ್ಲೇ ನಿಂತಿದ್ದಳು.

“ಅಮ್ಮ, ಯು ಸೆಡ್ ತಾತನಿಗೆ ಎರಡು ಹೆಸರು ಅಂತ!”

“ಸುಳ್ಳು ಹೇಳಿದ್ದೆ.”

“ಬಟ್ ವೈ? ಅಜ್ಜಿ ಜಸ್ಟ್ ಹೇಳ್ಬಹುದಿತ್ತಲ್ವಾ? ಗಂಡನ ಹೆಸರು ಹೇಳೋಕೂ ಹೆದರ್ಕೋಬೇಕಾ? ದಟ್ಸ್ ಸೋ ಸ್ಯಾಡ್, ಅಮ್ಮ.”

“ಸ್ಯಾಡಾ?” ಅಂದೆ. ವಿಮಾನದಲ್ಲಿ ಹೊಂದಿಸಿಕೊಂಡಿದ್ದ ಬೈಗುಳವೆಲ್ಲ ಕನ್ನಡದಲ್ಲಿ ಹೊರಟಿತು. “ನಿಮ್ಮಜ್ಜಿ ಯಾರಿಗೆ ಹೆದರಿದ್ದಳು ಅಂದ್ಕೊಂಡಿದ್ದೀಯ? ನಿಮ್ಮ ತಾತ ಉಪ್ಪು ಕಮ್ಮಿ ಅಂದ್ರೆ ಉಪ್ಪಿನ ಭರಣೀನೇ ತಂದು ಎಲೆ ಮುಂದೆ ಇಡ್ತಿದ್ದಳು. ಛೇರ್ಮನ್ನರು ಹಸು ಬಗ್ಗೆ ಗದರಿಸೋಕೆ ಬಂದ್ರೆ, ಬೇಲಿ ಕಟ್ಟಿಸೋ ಯೋಗ್ಯತೆ ಇಲ್ಲದವರು ಬದನೆ ಯಾಕೆ ಹಾಕ್ತೀರಿ ಅಂತ ಬೀದೀಲಿ ನಿಲ್ಲಿಸಿ ಕೇಳಿದ್ದಳು. ಹೇಳಲ್ಲ ಅಂದ್ಲು, ಹೇಳಲಿಲ್ಲ. ಅಷ್ಟೇ.”

ನಾನು ಆ ಪದ್ಧತಿಯನ್ನು ಎತ್ತಿ ಹಿಡಿಯುತ್ತಿಲ್ಲ. ನಾನು ಆಫೀಸು, ಆಸ್ಪತ್ರೆ, ಕೌನ್ಸಿಲ್ಲು ಎಲ್ಲ ಕಡೆ ಯಜಮಾನರ ಹೆಸರನ್ನು ಗಟ್ಟಿಯಾಗಿ ಹೇಳುತ್ತೇನೆ, ಕಾಗುಣಿತವನ್ನೂ ಹೇಳುತ್ತೇನೆ. ಮನೆಯಲ್ಲಿ ಮಾತ್ರ ಯಾಕೋ ‘ರೀ’ ಬಿಟ್ಟು ಮುಂದೆ ಹೋಗಿಲ್ಲ. ಈ ಬರಹದಲ್ಲೂ ಅವರ ಹೆಸರು ಬಂದಿಲ್ಲ ಅಂತ ಈಗ ಬರೆಯುವಾಗ ಗಮನಿಸಿ ನನಗೇ ನಗು ಬಂತು. ಅಮ್ಮನನ್ನು ಒಮ್ಮೆ, ಯಾಕಮ್ಮ ಹೇಳಲ್ಲ, ಹೇಳಿದ್ರೆ ಏನಾಗುತ್ತೆ ಅಂತ ಕೇಳಿದ್ದೆ. “ಏನೂ ಆಗಲ್ಲ. ನನ್ನಿಷ್ಟ,” ಅಂದಿದ್ದಳು. ಅದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ.

ರಾಯರು ಕನ್ನಡಕ ತೆಗೆದು ಒರೆಸಿಕೊಂಡರು.

“ಹಾಗಾದರೆ ವೆಂಕಟರಮಣಯ್ಯ ಅನ್ನೋ ಮನುಷ್ಯ ನಿಮ್ಮ ಮನೆತನದಲ್ಲಿ ಹುಟ್ಟಲೇ ಇಲ್ಲ?”

“ಇಲ್ಲ.”

“ನಾನು ದೊಡ್ಡ ತಪ್ಪು ಮಾಡಿದೆ ಸರೋಜಾ. ಐ ಆಮ್ ಸಾರಿ.”

ಅಲ್ಲೇ ನನ್ನ ಎದುರಿಗೇ ಚುಕ್ಕಿಗಳನ್ನು ಒಂದೊಂದಾಗಿ ಅಳಿಸಿದರು. ಅಪ್ಪನಿಂದ ನನ್ನ ತನಕ ಒಂದು ನೇರ ಗೆರೆ ಎಳೆದರು. ನನಗೆ ಅಳು ಬಂತು. 

ಇಷ್ಟಕ್ಕೆ ಎದ್ದು ಬಂದಿದ್ದರೆ ನಾನು ಒಳ್ಳೆಯ ಬೀಗಿತ್ತಿ ಅನ್ನಿಸಿಕೊಳ್ಳುತ್ತಿದ್ದೆ. ಆದರೆ ಅವರ ಪುಸ್ತಕದಲ್ಲಿ ಪ್ರತಿ ಸರ್‌ನೇಮಿಗೂ ‘ಮೂಲ’ ಅಂತ ಒಂದು ಕಾಲಂ ಇದೆ. ರಾಯರು ಉತ್ಸಾಹದಿಂದ ಅಲ್ಲಿ ಟೈಪ್ ಮಾಡಿ ಓದಿದರು: ‘ಶ್ರೀನಿವಾಸಯ್ಯ ಎಂಬುದರ ತಪ್ಪು ರೂಪ. ಶಾಲೆಯ ದಾಖಲೆಯ ದೋಷ.’

“ದೋಷ?” ಅಂದೆ. “ನಿಮ್ಮ ಚರ್ಚಿನ ಗುಮಾಸ್ತ ಪಿಂಡರನ್ನ ಪೆಂಡರ್ ಅಂತ ಬರೆದರೆ ಅದಕ್ಕೆ ಎರಡು ಪುಟ ಚರಿತ್ರೆ, ಒಂದು ಸಿಂಹ. ನಮ್ಮೂರಿನ ಮೇಷ್ಟ್ರು ಬರೆದರೆ ದೋಷವೇ ರಾಯರೇ?”

ಮೇಧಾ ಸಮಾಧಾನ ಮಾಡಲು ಬಂದಳು. “ಅಮ್ಮ, ಇಷ್ಟು ಬೇಜಾರಿದ್ರೆ ಚೇಂಜೇ ಮಾಡ್ಕೊಂಡ್ಬಿಡು. ಫಾರ್ಮ್ ತುಂಬಿದ್ರೆ ಆಯ್ತು. ಸರೋಜಾ ಶ್ರೀನಿವಾಸಯ್ಯ. ತಾತನ ರಿಯಲ್ ನೇಮ್. ಬುಕ್ ಅಲ್ಲೂ ಹಾಗೇ ಹಾಕೋಣ.”

ಆಸೆಯಾಗಲಿಲ್ಲ ಅಂತ ಹೇಳಲಾರೆ. ಅಪ್ಪನನ್ನು ಕಂಡರೆ ನನಗೆ ಪ್ರಾಣ. ಅವರ ಹೆಸರು ನನ್ನ ಹೆಸರಿನ ಪಕ್ಕದಲ್ಲಿ ಒಮ್ಮೆಯೂ ನಿಂತಿಲ್ಲ. ಸರೋಜಾ ಶ್ರೀನಿವಾಸಯ್ಯ ಅಂತ ಮನಸ್ಸಿನಲ್ಲೇ ಒಂದೆರಡು ಸಲ ಹೇಳಿ ನೋಡಿದೆ, ಚೆನ್ನಾಗಿಯೇ ಇತ್ತು. ತೊಡೆಯ ಮೇಲೆ ಇಳಾ ಕರಡು ಪ್ರತಿಯ ಮೂಲೆಯನ್ನು ಚೀಪುತ್ತಿದ್ದಳು. ಅವಳ ಬಾಯಿಂದ ಅದನ್ನು ಬಿಡಿಸಿ ಪುಟ ತಿರುಗಿಸಿದೆ. ಎಡಗಡೆ ಪಿಂಡರ್ ವಂಶದ ಮೇಲ್ತುದಿಯಲ್ಲಿ ಒಬ್ಬ ಗಂಡಸು. ಅವರ ಕಡೆಯ ಇನ್ನೊಂದು ಕವಲಿನ ಮೇಲೆ ಒಬ್ಬ ಗಂಡಸು. ಬಲಗಡೆ ನಮ್ಮ ಯಜಮಾನರ ಕಡೆಯ ಮೇಲೂ ಗಂಡಸೇ. ನಮ್ಮಲ್ಲೂ ಮೂಲಪುರುಷ ಅಂತಲೇ ಹೇಳುವುದು, ಮೂಲಸ್ತ್ರೀ ಅಂದದ್ದನ್ನು ನಾನು ಕೇಳಿಲ್ಲ. ಅಷ್ಟು ದೊಡ್ಡ ಪುಸ್ತಕದಲ್ಲಿ ದೊಡ್ಡಿ ಕಾದವನದ್ದು, ಹೊಲ ಉತ್ತವನದ್ದು, ಜೇಡಿಮಣ್ಣಿನ ಊರಿನಿಂದ ಬಂದವನದ್ದು, ಎಲ್ಲ ಹೆಸರೂ ಯಾರೋ ಅಪ್ಪನಿಂದ ಇಳಿದು ಬಂದದ್ದು. ನನ್ನದೊಂದು ಮಾತ್ರ ಹಾಗಲ್ಲ.

“ಬೇಡ,” ಅಂದೆ. “ಬದಲಾಯಿಸಲ್ಲ. ರಾಯರೇ, ಆ ದೋಷ ಗೀಷ ಅಳಿಸಿ. ನಾನು ಹೇಳ್ತೀನಿ, ಬರ್ಕೊಳ್ಳಿ. ವೆಂಕಟರಮಣಯ್ಯ. ಅರ್ಥ, ಗಂಡನ ಹೆಸರು ಹೇಳಲ್ಲ ಅಂದವಳ ಮಗಳು. ಈ ಸರ್‌ನೇಮ್ ಇರೋ ಮೊದಲನೆಯವಳು ನಾನು. ಕೊಟ್ಟವಳು ನಮ್ಮಮ್ಮ. ಮೇಲೆ ಅವಳ ಹೆಸರು ಹಾಕಿ.”

“ಆದರೆ ನಿಮ್ಮ ತಾಯಿಯ ಸರ್‌ನೇಮ್ ವೆಂಕಟರಮಣಯ್ಯ ಆಗಿರಲಿಲ್ಲವಲ್ಲ?”

“ಯಾರದ್ದೂ ಆಗಿರಲಿಲ್ಲ. ಅದಕ್ಕೇ ಅವಳದ್ದು.”

ರಾಯರು ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಟೈಪ್ ಮಾಡಿ, ಬಲಗಡೆಯ ಆ ಕವಲಿನ ತುದಿಗೆ ಹೊಸದೊಂದು ಚೌಕ ಎಳೆದರು.

“ತಾಯಿಯವರ ಹೆಸರು?”

“ಪುಟ್ಟತಾಯಮ್ಮ.”

ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಬರೆದುಕೊಂಡರು.

“ಸರ್‌ನೇಮ್?”

“ಇಲ್ಲ.”

“ಮದುವೆಗೆ ಮುಂಚೆ?”

“ಆಗಲೂ ಇಲ್ಲ.”

ರಾಯರು ಒತ್ತಿದರು. ಚೌಕ ಕೆಂಪಾಯಿತು. ಮತ್ತೆ ಒತ್ತಿದರು, ಮತ್ತೆ ಕೆಂಪಾಯಿತು.

“ಸಾಫ್ಟ್‌ವೇರ್ ಖಾಲಿ ಬಿಡೋಕೆ ಒಪ್ತಾ ಇಲ್ಲ ಸರೋಜಾ. ಏನಾದರೂ ಹಾಕಲೇಬೇಕು. ಗಂಡನ ಹೆಸರನ್ನೇ ಹಾಕಲಾ? ಪುಟ್ಟತಾಯಮ್ಮ ಶ್ರೀನಿವಾಸಯ್ಯ?”

“ಖಬರ್ದಾರ್!” ಅಂದೆ. ಇಳಾ ಬೆಚ್ಚಿಬಿದ್ದಳು. “ಬದುಕಿರೋ ತನಕ ಅವಳು ಹೇಳದೇ ಇದ್ದದ್ದನ್ನ, ಸತ್ತ ಮೇಲೆ ನೀವು ಅವಳ ಹೆಸರಿಗೆ ಅಂಟಿಸ್ತೀರಾ? ಖಾಲಿ ಬಿಡಿ.”

“ಒಪ್ಪಲ್ವಲ್ಲ.”

“ಒಪ್ಪಿಸಿ,” ಅಂದೆ. ಮಗುವನ್ನು ಮೇಧಾಳ ಕೈಗೆ ಕೊಟ್ಟು, ಕುರ್ಚಿ ಎಳೆದುಕೊಂಡು ರಾಯರ ಪಕ್ಕದಲ್ಲೇ ಕೂತೆ. “ನನ್ನ ಫ್ಲೈಟು ನಾಳೆ ಸಾಯಂಕಾಲ. ಅಲ್ಲಿವರೆಗೂ ನಾನು ಏಳಲ್ಲ.”